ಐರನ್‌ಬಾರ್ಕಿನವರು ಗಡ್ಡ ಬಿಟ್ಟಿದ್ದು ಯಾಕೆ?

(ಮೆಲ್ಬರ್ನಿನ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಆಸ್ಟ್ರೇಲಿಯದ ಹಳೇ ಹಾಸ್ಯಪದ್ಯವೊಂದರ ಕಥೆ ಹೇಳಿಬಿಡುತ್ತೇನೆ, ಆಮೇಲೆ ಮಾತು.

ಐರನ್‌ಬಾರ್ಕ್ ಅನ್ನೋ ಊರಿನವನೊಬ್ಬ ಸಿಡ್ನಿಗೆ ಬರುತ್ತಾನೆ. ಬೀದಿ ಬೀದಿ ಸುತ್ತುತ್ತಾನೆ, ಪಾರ್ಕು ನೋಡುತ್ತಾನೆ, ಕಾಲು ಸೋತು ಬೀಳೋ ಹಾಗಾಗುತ್ತದೆ. ಆಗ ಒಂದು ಕ್ಷೌರದಂಗಡಿ ಕಾಣುತ್ತದೆ. ಒಳಗೆ ಹೋಗಿ, "ಈ ಗಡ್ಡ ಮೀಸೆ ಎಲ್ಲ ತೆಗೆದುಬಿಡಪ್ಪ, ಊರಿಗೆ ಹೋಗಿ ಸಿಡ್ನಿ ಶೋಕಿಲಾಲನ ಥರ ಮೆರೀಬೇಕು" ಅನ್ನುತ್ತಾನೆ. ಕ್ಷೌರದವನು ಕುಳ್ಳ. ಸೊಂಟಕ್ಕೆ ಝಗಮಗ ಪಟ್ಟಿ, ಬಾಯಲ್ಲಿ ದೊಡ್ಡ ಚುಟ್ಟ. ಅಂಗಡಿಯಲ್ಲೇ ಕದ್ದುಮುಚ್ಚಿ ಬೆಟ್ಟಿಂಗ್ ದಂಧೆ ಬೇರೆ ನಡೆಸುತ್ತಾನೆ. ಗೋಡೆಗೆ ಒರಗಿ ನಾಲ್ಕಾರು ಶ್ರೀಮಂತರ ಮನೆ ಹುಡುಗರು ಕೂತಿದ್ದಾರೆ, ತಲೆಯೊಳಗೆ ಏನೂ ಇಲ್ಲದವರು. ಕ್ಷೌರದವನು ಅವರಿಗೆ ಕಣ್ಣು ಹೊಡೆಯುತ್ತಾನೆ. ಗಡ್ಡವನ್ನೆಲ್ಲ ನುಣ್ಣಗೆ ಬೋಳಿಸಿದ ಮೇಲೆ, ಕಾಯಿಸಿಟ್ಟ ಕತ್ತಿಯ ಬೆನ್ನನ್ನು ಹಳ್ಳಿಗನ ಗಂಟಲಿಗೆ ಅಡ್ಡಡ್ಡ ಸರ್ರನೆ ಎಳೆಯುತ್ತಾನೆ.

ಹರಿತದ ಕಡೆಯಲ್ಲ, ಬೆನ್ನಿನ ಕಡೆ. ಆದರೆ ಕುರ್ಚಿಯಲ್ಲಿ ಕೂತವನಿಗೆ ಅದು ಹೇಗೆ ಗೊತ್ತಾಗಬೇಕು? ಗಂಟಲು ಕೊಯ್ದೇಬಿಟ್ಟ ಅಂದುಕೊಳ್ಳುತ್ತಾನೆ. "ಸತ್ತೆ! ಸಾಯೋ ಮುಂಚೆ ಒಂದೇಟಾದರೂ ಹಾಕಿ ಸಾಯ್ತೀನಿ" ಅಂತ ಎದ್ದು ಕ್ಷೌರದವನ ದವಡೆಗೆ ಒಂದು ಬಿಡುತ್ತಾನೆ. ಅವನು ಮಕಾಡೆ. ಆಮೇಲೆ ಕೈಗೆ ಸಿಕ್ಕ ಶೋಕಿ ಹುಡುಗನ ಕತ್ತು ಮುರಿಯಲು ಹೊರಡುತ್ತಾನೆ, ಅಂಗಡಿಯನ್ನು ಚಿಂದಿ ಮಾಡುತ್ತಾನೆ. ಇದೆಲ್ಲ ಮಾಡುವಾಗಲೂ ಒಂದು ಕೈಯಲ್ಲಿ ತನ್ನ ಗಂಟಲು ಹಿಡಿದುಕೊಂಡೇ ಇರುತ್ತಾನೆ, ಪ್ರಾಣ ಸೋರಿ ಹೋಗಬಾರದಲ್ಲ! ನನಗೆ ಇಡೀ ಪದ್ಯದಲ್ಲಿ ಜಾಸ್ತಿ ಇಷ್ಟವಾದ ಜಾಗ ಈ ಗಂಟಲು ಹಿಡಿದ ಕೈ. ಗಲಾಟೆ ಕೇಳಿ ಪೊಲೀಸಿನವನು ಬರುತ್ತಾನೆ. ಕ್ಷೌರದವನು ಸುಧಾರಿಸಿಕೊಂಡು, "ಸುಮ್ನೆ ತಮಾಷೆಗೆ ಮಾಡಿದ್ದು, ಸ್ವಲ್ಪ ಅತಿಯಾಯಿತು ಅಷ್ಟೆ" ಅನ್ನುತ್ತಾನೆ. "ಓಹೋ, ತಮಾಷೆನಾ? ಒಂದು ರಾತ್ರಿ ನೀನು ನಮ್ಮೂರಲ್ಲಿ ನನ್ನ ಕೈಗೆ ಸಿಗು" ಅಂತ ಇವನು.

ಕೊನೆಯ ಪದ್ಯದಲ್ಲಿ ಅವನು ಊರಿಗೆ ವಾಪಸು ಬಂದಿದ್ದಾನೆ. ಕುರಿಯ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಕೆಲಸದವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾರೆ. ಇವನು ಮತ್ತೆ ಮತ್ತೆ ಅದೇ ಕಥೆ ಹೇಳುತ್ತಿದ್ದಾನೆ: ಸಿಡ್ನಿಯಲ್ಲೊಬ್ಬ ನನ್ನ ಗಂಟಲು ಕೊಯ್ಯಲು ನೋಡಿದ, ದೇವರ ದಯೆ, ನನ್ನ ಚರ್ಮ ಗಟ್ಟಿ! ಕವಿ ಒಂದು ಮಾತು ಸೇರಿಸಿ ಮುಗಿಸುತ್ತಾನೆ. ಜನ ಅವನ ಮಾತು ನಂಬಿದರೋ ಬಿಟ್ಟರೋ, ಐರನ್‌ಬಾರ್ಕಿನ ಕಡೆ ಈಗ ಉದ್ದ ಗಡ್ಡ ಬಿಡುವುದೇ ಫ್ಯಾಷನ್ ಆಗಿದೆ.

ಇದು ಆಸ್ಟ್ರೇಲಿಯದ ಕವಿ ಬ್ಯಾಂಜೊ ಪ್ಯಾಟರ್ಸನ್ ಬರೆದದ್ದು, 1892ರ ಡಿಸೆಂಬರಿನಲ್ಲಿ ಸಿಡ್ನಿಯ 'ದಿ ಬುಲೆಟಿನ್' ವಾರಪತ್ರಿಕೆಯಲ್ಲಿ ಅಚ್ಚಾಯಿತು. ಐರನ್‌ಬಾರ್ಕ್ ನಿಜವಾದ ಊರು, ಚಿನ್ನ ಸಿಕ್ಕ ಜಾಗ. ಈಗ ಅದರ ಹೆಸರು ಸ್ಟುವರ್ಟ್ ಟೌನ್. ನ್ಯೂ ಸೌತ್ ವೇಲ್ಸಿನ ಆರೆಂಜ್ ಮತ್ತು ವೆಲ್ಲಿಂಗ್ಟನ್ ಊರುಗಳ ನಡುವೆ ಬರುತ್ತದೆ.

ಇಲ್ಲಿ ಪೆದ್ದ ಯಾರು? ಮೊದಲ ಓದಿಗೆ ಹಳ್ಳಿಗ ಅನ್ನಿಸುತ್ತದೆ. ಅವನಿಗೆ ಕೊನೆಯವರೆಗೂ ತಮಾಷೆ ಅರ್ಥವಾಗುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಒದೆ ತಿಂದಿದ್ದು ಯಾರು? ಅಂಗಡಿ ಹಾಳಾಗಿದ್ದು ಯಾರದ್ದು? ಒಂದೂರಿಗೆ ಊರೇ ಗಿರಾಕಿಗಳನ್ನು ಕಳೆದುಕೊಂಡವರು ಯಾರು? ಮುಖ್ಯವಾಗಿ, ಆಮೇಲೆ ಆ ಕಥೆಯನ್ನು ಹೇಳುತ್ತಾ ಮೆರೆಯುವವನು ಯಾರು? ಈ ಕಾಲದ ಆಸ್ಟ್ರೇಲಿಯದ ಹಾಸ್ಯಪದ್ಯಗಳಲ್ಲಿ ನಾನು ಕಂಡದ್ದು ಇದನ್ನೇ. ಯಾರಾದರೂ ತಮ್ಮದಲ್ಲದ ಜಾಗಕ್ಕೆ ಕಾಲಿಡುತ್ತಾರೆ, ಪೇಚಿಗೆ ಸಿಕ್ಕುತ್ತಾರೆ. ಪಟ್ಟಣಕ್ಕೆ ಬಂದ ಹಳ್ಳಿಗ, ಹಳ್ಳಿಗೆ ಹೋದ ಪಟ್ಟಣದವ, ಬೆಂಗಾಡಿಗೆ ಬಂದ ಪಾದ್ರಿ, ಗುಡ್ಡಕ್ಕೆ ಬಂದ ಸೈಕಲ್ಲು. ನಗು ಹುಟ್ಟುವುದು ಆ ಗಡಿಯಲ್ಲಿ. ನಗು ಕೊನೆಗೆ ಯಾರ ಪಾಲಿಗೆ ಹೋಗುತ್ತದೆ ಅನ್ನೋದನ್ನು ಮಾತ್ರ ಹುಷಾರಾಗಿ ನೋಡಬೇಕು.

ಬುಷ್ ಅಂದರೆ ಇಲ್ಲಿ ದಟ್ಟ ಕಾಡಲ್ಲ ಅಂತ ನಿಮಗೆಲ್ಲ ಗೊತ್ತು. ಪಟ್ಟಣ ಬಿಟ್ಟು ಆಚೆ ಹೋದರೆ ಸಿಗುವುದೆಲ್ಲ ಬುಷ್ಷೇ: ಕುರಿ ಮೇಯುವ ಬಯಲು, ಕುರುಚಲು, ಗುಡ್ಡ, ಒಣಗಿದ ಹಳ್ಳ. ಆದರೆ ಈ ಪದ್ಯಗಳನ್ನು ಬರೆದವರು, ಓದಿದವರು ಎಲ್ಲ ಅಲ್ಲೇ ಇದ್ದರು ಅಂದುಕೊಳ್ಳಬೇಡಿ. 1891ರಲ್ಲೇ ವಿಕ್ಟೋರಿಯದ ಜನರಲ್ಲಿ ಹತ್ತಕ್ಕೆ ನಾಲ್ಕು ಮಂದಿ ನಮ್ಮ ಇದೇ ಮೆಲ್ಬರ್ನಿನಲ್ಲಿದ್ದರು. ಪ್ಯಾಟರ್ಸನ್ ಕೂಡ ಸಿಡ್ನಿಯಲ್ಲಿ ವಕೀಲ. ಹುಟ್ಟಿದ್ದು 1864ರಲ್ಲಿ, ಆರೆಂಜ್ ಹತ್ತಿರ. ಬೆಳೆದದ್ದು ಯಾಸ್ ಊರಿನ ಬಳಿಯ ದೊಡ್ಡ ಜಮೀನಿನಲ್ಲಿ. ಕುದುರೆ ಅಂದರೆ ಪ್ರಾಣ. 'ಬ್ಯಾಂಜೊ' ಅನ್ನುವ ಕಾವ್ಯನಾಮವೂ ಮನೆಯವರ ಹತ್ತಿರ ಇದ್ದ ಒಂದು ಕುದುರೆಯ ಹೆಸರೇ. ಆಫೀಸಿನಲ್ಲಿ ಸಾಲ ವಸೂಲಿ ಪತ್ರ ಬರೆಯುತ್ತಾ, ಮನಸ್ಸನ್ನು ಗುಡ್ಡದ ಮೇಲೆ ಮೇಯಲು ಬಿಟ್ಟವನು. ಹಾಗೆ ಬರೆದ ಒಂದು ವಸೂಲಿ ಪತ್ರಕ್ಕೆ, ಟಾರಿನಲ್ಲಿ ಹೆಬ್ಬೆರಳಿನ ಉಗುರು ಅದ್ದಿ ಬರೆದ ಹಾಗಿದ್ದ ಒಂದು ಸಾಲಿನ ಉತ್ತರ ಬಂತಂತೆ: ಅವನು ದನ ಹೊಡೆದುಕೊಂಡು ಕ್ವೀನ್ಸ್‌ಲ್ಯಾಂಡಿಗೆ ಹೋಗಿದ್ದಾನೆ, ಎಲ್ಲಿದ್ದಾನೋ ನಮಗೆ ತಿಳಿಯದು. ಅದರಿಂದಲೇ 1889ರಲ್ಲಿ ಅವನ ಹೆಸರಾಂತ ಪದ್ಯವೊಂದು ಹುಟ್ಟಿತು. ಸಾಲ ಬಂತೋ ಇಲ್ಲವೋ, ಪದ್ಯವಂತೂ ಬಂತು.

'ದಿ ಬುಲೆಟಿನ್' ಶುರುವಾದದ್ದು 1880ರ ಜನವರಿ ಕೊನೆಯಲ್ಲಿ. ಅದನ್ನು 'ಬುಷ್‌ನವರ ಬೈಬಲ್' ಅಂತ ಕರೆಯುತ್ತಿದ್ದರು. ಸಂಪಾದಕ ಜೆ.ಎಫ್. ಆರ್ಚಿಬಾಲ್ಡ್ ಓದುಗರನ್ನೇ ಬರೆಯಲು ಹುರಿದುಂಬಿಸಿದ. ಉಣ್ಣೆ ಕತ್ತರಿಸುವವರು, ದನ ಹೊಡೆಯುವವರು, ಗಣಿಯವರು, ಸಣ್ಣ ಊರಿನ ಮೇಷ್ಟ್ರುಗಳು ಎಲ್ಲ ಪದ್ಯ ಕಳಿಸುತ್ತಿದ್ದರು. ಪತ್ರಿಕೆ ಕೈಯಿಂದ ಕೈಗೆ ಹೋಗಿ ಹರಿದು ಚಿಂದಿಯಾಗುವ ಹೊತ್ತಿಗೆ ಪದ್ಯ ಎಷ್ಟೋ ಜನರ ಬಾಯಲ್ಲಿರುತ್ತಿತ್ತು. ರಾತ್ರಿ ಬೆಂಕಿ ಸುತ್ತ ಕೂತವರಿಗೆ ಪುಸ್ತಕ ಇಲ್ಲದಿದ್ದರೂ ಬಾಯಿಪಾಠ ಇತ್ತು.

ಬಾಯಿಪಾಠ ಆಗಬೇಕಾದರೆ ಲಯ ಬೇಕು. ಐರನ್‌ಬಾರ್ಕಿನವನ ಪದ್ಯದಲ್ಲಿ ಸಾಲಿಗೆ ಏಳು ತಟ್ಟು, ನಮ್ಮ ಲಾವಣಿ ಹಾಡುವವರು ಕೇಳಿದರೆ ತಲೆದೂಗುವಂಥ ಓಟ. ಕನ್ನಡದಲ್ಲಿ ಆ ಏಳು ತಟ್ಟು ಹೇಗೆ ಕೇಳಿಸಬಹುದು ಅಂತ ಸುಮ್ನೆ ಎರಡು ಸಾಲು ಕಟ್ಟಿದ್ದೇನೆ. ಇದು ಅನುವಾದ ಅಲ್ಲ, ನನ್ನದೇ ತರಲೆ:

ಪೇಟೆಗೆ ಬಂದ ಗೌಡನ ಮೀಸೆ ಕತ್ತರಿ ಕಂಡು ನಡುಗಿತು,
ಕ್ಷೌರಿಕ ನಕ್ಕ, ಕತ್ತಿಯ ಮಸೆದ, ಅಂಗಡಿಯೆಲ್ಲ ಗುಡುಗಿತು.

ತೊಡೆ ತಟ್ಟಿಕೊಂಡು ಹೇಳಿ ನೋಡಿ, ಏಳು ಸಿಗುತ್ತದೆ. (ಮುಂದಿನ ಸಾಲಿನಲ್ಲಿದ್ದ ಒಬ್ಬರು ನಿಜವಾಗಿಯೂ ತಟ್ಟಿ ನೋಡಿ, "ಸರಿಯಾಗಿದೆ" ಅಂದರು.) ಈ ಲಯದ ಗುಣ ಏನಂದರೆ, ಅದಕ್ಕೆ ನಿಲ್ಲಲು ಬರುವುದಿಲ್ಲ. ಯುದ್ಧದ ಕಥೆ, ವೀರರ ಕಥೆ ಹೇಳಲು ಇದ್ದ ಧಾಟಿ ಇದು. ಅದರಲ್ಲಿ ಕ್ಷೌರದಂಗಡಿಯ ಜಗಳ ಹೇಳಿದರೆ ಅರ್ಧ ನಗು ಅಲ್ಲೇ ಬಂತು.

ಈಗ ಸೈಕಲ್ಲಿನ ಕಥೆ. ಬೆಂಡಿಗೋ ಕಡೆಗೆ ಹೋಗಿ ಬಂದವರು ತುಂಬ ಜನ ಇದ್ದೀರಿ. ಬೆಂಡಿಗೋಗೆ ಅಂಟಿಕೊಂಡೇ ಈಗಲ್‌ಹಾಕ್ ಇದೆ. ಆ ಊರಿನ ಮಲ್ಗಾ ಬಿಲ್ ಎಂಬಾತನಿಗೆ ಸೈಕಲ್ ಹುಚ್ಚು ಹಿಡಿಯುತ್ತದೆ. ಪದ್ಯ ಬಂದದ್ದು 1896ರ ಜುಲೈನಲ್ಲಿ, 'ಸಿಡ್ನಿ ಮೇಲ್' ಪತ್ರಿಕೆಯಲ್ಲಿ. ಆ ವರ್ಷಗಳಲ್ಲಿ ಈ ಹುಚ್ಚು ಎಲ್ಲರಿಗೂ ಇತ್ತು. ಡನ್‌ಲಪ್‌ನ ಗಾಳಿ ತುಂಬುವ ಟೈರು ಬಂದು ಎಂಟು ವರ್ಷವಾಗಿತ್ತಷ್ಟೆ. ಉಣ್ಣೆ ಕತ್ತರಿಸುವ ಕೆಲಸದವರೂ ಶೆಡ್ಡಿನಿಂದ ಶೆಡ್ಡಿಗೆ ಸೈಕಲ್ಲಿನಲ್ಲಿ ಹೋಗಲು ಶುರು ಮಾಡಿದ್ದರು. ಕುದುರೆಗಾದರೆ ಹುಲ್ಲು ನೀರು ಬೇಕು, ಬರಗಾಲದಲ್ಲಿ ಎರಡೂ ಇಲ್ಲ. ಸೈಕಲ್ಲು ಏನೂ ಕೇಳುವುದಿಲ್ಲ.

ಬಿಲ್ ಬಹಳ ದಿನ ದುಡಿದ ಕುದುರೆಯನ್ನು ಬಿಟ್ಟುಬಿಡುತ್ತಾನೆ. ಸೈಕಲ್ ಬಟ್ಟೆ ಹಾಕಿಕೊಂಡು ಅಂಗಡಿಗೆ ಹೋಗುತ್ತಾನೆ. ಅಂಗಡಿಯ ಹುಡುಗ, "ನಿಮಗೆ ಸವಾರಿ ಬರುತ್ತಾ?" ಅಂತ ಕೇಳುತ್ತಾನೆ. ಕೇಳಬಾರದ್ದು ಕೇಳಿದ ಹಾಗಾಯಿತು. "ಇಲ್ಲಿಂದ ಸಮುದ್ರದವರೆಗೆ ನನ್ನಂಥ ಸವಾರ ಇನ್ನೊಬ್ಬನಿಲ್ಲ. ಬಡಾಯಿ ಕೊಚ್ಚುವವರನ್ನು ಕಂಡರೆ ನನಗಾಗದು, ಆದರೂ ಹೇಳುತ್ತೇನೆ..." ಅಂತ ಒಂದಿಷ್ಟು ಹೇಳುತ್ತಾನೆ. ಇಂಥವರು ನಮ್ಮ ನೆಂಟರಲ್ಲೂ ಇರುತ್ತಾರೆ, ಅಲ್ವಾ? ಆಮೇಲೆ ಡೆಡ್ ಮ್ಯಾನ್ಸ್ ಕ್ರೀಕಿನ ಮೇಲಿನ ಗುಡ್ಡದ ರಸ್ತೆಯಲ್ಲಿ ಸೈಕಲ್ ಹತ್ತುತ್ತಾನೆ. ಸೈಕಲ್ಲು ಅವನ ಮಾತು ಕೇಳುವುದಿಲ್ಲ. ಮರದ ಮೋಟಿಗೆ ಅರ್ಧ ಇಂಚು ಬಿಟ್ಟು ಹಾಯುತ್ತದೆ, ಬಿದ್ದ ಮರದ ಮೇಲೆ ಹಾರುತ್ತದೆ, ಪ್ರಪಾತದ ಅಂಚಿನಲ್ಲಿ ಓಡುತ್ತದೆ. ಕಾಂಗರೂ ಜಾತಿಯ ವಾಲರೂಗಳು ಹೆದರಿ ಬಂಡೆ ಹತ್ತುತ್ತವೆ. ಬಿಲದೊಳಗಿದ್ದ ವಾಂಬ್ಯಾಟ್‌ಗಳು ಇನ್ನೂ ಆಳಕ್ಕೆ ತೋಡಿಕೊಂಡು ಹೋಗುತ್ತವೆ! ಬಿಲ್‌ನ ಭಯದ ಜೊತೆಗೆ ವಾಂಬ್ಯಾಟಿನ ಭಯವನ್ನೂ ಹೇಳಿದ್ದು ಇಲ್ಲಿನ ಜಾಣತನ. ಕೊನೆಗೆ ಇಪ್ಪತ್ತು ಅಡಿ ಜಿಗಿದು ಸೈಕಲ್ಲು ಸವಾರನ ಸಮೇತ ಹಳ್ಳಕ್ಕೆ ಬೀಳುತ್ತದೆ. ಬಿಲ್ ಈಜಿ ದಡ ಸೇರುತ್ತಾನೆ. "ಪಂದ್ಯ ಕಟ್ಟಿ ಕಾಡುಗೂಳಿ ಸವಾರಿ ಮಾಡಿದ್ದೇನೆ, ಇಂಥದ್ದು ನೋಡಿರಲಿಲ್ಲ. ಅದು ಅಲ್ಲೇ ಬಿದ್ದಿರಲಿ. ನನಗೆ ಕುದುರೆಯೇ ಸಾಕು" ಅನ್ನುತ್ತಾನೆ.

ಇಲ್ಲೂ ನೋಡಿ: ಸೋತವನು ಅವನೇ, ಆದರೆ ಸೋಲನ್ನೂ ಬಡಾಯಿ ಮಾಡಿಕೊಂಡು ಮೇಲೆ ಬರುತ್ತಾನೆ.

ಕುದುರೆಯ ಮಾತು ಬಂತಲ್ಲ, ಒಂದು ಸಣ್ಣ ದಾರಿ ತಪ್ಪುತ್ತೇನೆ. ಅದೇ ಕಾಲದಲ್ಲಿ ನ್ಯೂ ಸೌತ್ ವೇಲ್ಸಿನ ಕುದುರೆಗಳು ಹಡಗು ಹತ್ತಿ ನಮ್ಮ ಕಡೆಗೂ ಬರುತ್ತಿದ್ದವು. ವೇಲ್ಸಿನವು ಅಂತ ಅವಕ್ಕೆ 'ವೇಲರ್' ಅಂತಲೇ ಹೆಸರು. ಮದರಾಸು, ಕಲ್ಕತ್ತಾ ಬಂದರಿನಲ್ಲಿ ಇಳಿದು ಬ್ರಿಟಿಷರ ಸೈನ್ಯಕ್ಕೆ ಸೇರುತ್ತಿದ್ದವು. ಕುದುರೆ ಇಲ್ಲಿಂದ ಅಲ್ಲಿಗೆ ಹೋದರೆ, ಕುದುರೆ ಮೇಲಿನ ಒಂದು ಆಟ ಅಲ್ಲಿಂದ ಇಲ್ಲಿಗೆ ಬಂತು. ಮಣಿಪುರದವರ ಪೋಲೊ ಆಟವನ್ನು ಚಹಾ ತೋಟದ ಬ್ರಿಟಿಷರು ಕಲಿತು, 1859ರಲ್ಲಿ ಸಿಲ್ಚಾರಿನಲ್ಲಿ ಕ್ಲಬ್ ಕಟ್ಟಿದರು. ಆಮೇಲೆ ಸಾಮ್ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಸ್ವತಃ ಪೋಲೊ ಆಡುತ್ತಿದ್ದ ಪ್ಯಾಟರ್ಸನ್ 1893ರಲ್ಲಿ ಅದರ ಮೇಲೂ ಒಂದು ಪದ್ಯ ಬರೆದ. ಗುಡ್ಡಗಾಡಿನ ಗೀಬಂಗ್ ತಂಡ ಒಂದು ಕಡೆ. ಇನ್ನೊಂದು ಕಡೆ ಪಟ್ಟಣದ 'ಕಫ್ ಅಂಡ್ ಕಾಲರ್' ತಂಡ. ಇವರು ಬೂಟು ಉಜ್ಜಲು ಆಳುಗಳನ್ನೂ ಕರೆದುಕೊಂಡು ಬರುತ್ತಾರೆ. ಆಟ ಎಷ್ಟು ಜೋರಾಗುತ್ತದೆ ಅಂದರೆ, ಸುಮ್ಮನೆ ನೋಡುತ್ತಾ ನಿಂತವನೊಬ್ಬನ ಕಾಲು ಮುರಿಯುತ್ತದೆ. ಒಬ್ಬೊಬ್ಬರಾಗಿ ಎಲ್ಲರೂ ಸಾಯುತ್ತಾರೆ. ಕೊನೆಗೆ ಉಳಿದ ಗೀಬಂಗ್ ನಾಯಕ ಕಷ್ಟಪಟ್ಟು ಕುದುರೆ ಹತ್ತಿ ಗೋಲಿಗೆ ಹೊಡೆಯುತ್ತಾನೆ, ಅದೂ ತಪ್ಪುತ್ತದೆ, ಅವನೂ ಬಿದ್ದು ಸಾಯುತ್ತಾನೆ. ಪಂದ್ಯ ಸಮ. ಪಟ್ಟಣ ಹಳ್ಳಿ ಎರಡನ್ನೂ ಒಂದೇ ಗುಂಡಿಗೆ ಹಾಕಿದ ಪದ್ಯ ಇದೊಂದೇ ಇರಬೇಕು.

ಪಾದ್ರಿಯ ಕಥೆಯನ್ನು ಬೇಗ ಹೇಳುತ್ತೇನೆ. ಕ್ವೀನ್ಸ್‌ಲ್ಯಾಂಡಿನ ಬಾರ್ಕೂ ನದಿಯ ಆಚೆ, ಚರ್ಚಿಲ್ಲದ, ದಾರಿ ತಪ್ಪಿದವರು ಮಾತ್ರ ಬರುವ ಜಾಗದಲ್ಲಿ ಒಬ್ಬ ಐರಿಷ್ ಹೆಂಡದಂಗಡಿಯವನು. ಅವನ ಮಗನಿಗೆ ಹತ್ತು ವರ್ಷವಾದರೂ ನಾಮಕರಣ ಆಗಿಲ್ಲ. ಒಂದು ದಿನ ಪಾದ್ರಿ ಬರುತ್ತಾನೆ. ಹುಡುಗ ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡು, ನಾಮಕರಣ ಅಂದರೆ ಕುದುರೆ ಮರಿಗಳಿಗೆ ಕಾದ ಕಬ್ಬಿಣದಲ್ಲಿ ಮುದ್ರೆ ಒತ್ತುತ್ತಾರಲ್ಲ, ಅದೇ ಅಂದುಕೊಂಡು ಓಡಿಹೋಗಿ ಟೊಳ್ಳು ಮರದ ಕೊರಡಿನಲ್ಲಿ ಅವಿತುಕೊಳ್ಳುತ್ತಾನೆ. ಕೋಲಿನಲ್ಲಿ ತಿವಿದು ಹೊರಗೆ ಹೊರಡಿಸುವಾಗ ಪಾದ್ರಿಗೆ ಇಡಬೇಕಾದ ಹೆಸರೇ ಮರೆತುಹೋಗುತ್ತದೆ. ಹುಡುಗ ಹೊರಗೆ ಹಾರಿದ ಕೂಡಲೆ ಬಾಯಿಗೆ ಬಂದ ಹೆಸರು ಕೂಗಿ, ಕೈಗೆ ಸಿಕ್ಕ ವಿಸ್ಕಿ ಬಾಟಲಿಯನ್ನು ಅವನ ಮೇಲೆ ಎಸೆಯುತ್ತಾನೆ. ಆ ಹೆಸರು 'ಮಗಿನಿಸ್'. ಬಾಟಲಿಯ ಮೇಲಿದ್ದದ್ದೂ ಅದೇ ಹೆಸರು, ಮಗಿನಿಸ್ ವಿಸ್ಕಿ. ಆ ಹುಡುಗ ಮುಂದೆ ಊರಿಗೆ ದೊಡ್ಡ ಮನುಷ್ಯ, ಜಸ್ಟಿಸ್ ಆಫ್ ದಿ ಪೀಸ್ ಆಗುತ್ತಾನೆ.

ಇಷ್ಟು ಹೊತ್ತು ಪ್ಯಾಟರ್ಸನ್ ಹೇಳಿದೆ. ಈಗ ಅವನ ಎದುರಾಳಿ ಹೆನ್ರಿ ಲಾಸನ್. ನನಗೆ ಮನಸ್ಸಿಗೆ ಹತ್ತಿರದವನು ಇವನೇ, ನಗಿಸುವುದರಲ್ಲಿ ಮಾತ್ರ ಪ್ಯಾಟರ್ಸನ್ ಒಂದು ಕೈ ಮೇಲು. ಲಾಸನ್ 1867ರಲ್ಲಿ ಗ್ರೆನ್‌ಫೆಲ್‌ನ ಚಿನ್ನದ ಗಣಿ ಬಯಲಿನಲ್ಲಿ ಹುಟ್ಟಿದ. ಅಪ್ಪ ನಾರ್ವೆಯಿಂದ ಬಂದ ನಾವಿಕ. ತಾಯಿ ಲೂಯಿಸಾ 'ದಿ ಡಾನ್' ಎಂಬ ಹೆಂಗಸರ ಪತ್ರಿಕೆ ನಡೆಸಿದವಳು. ಇವನಿಗೆ ಚಿಕ್ಕಂದಿನಲ್ಲೇ ಕಿವಿ ಕೇಳಿಸದಾಯಿತು. ಗಾಡಿಗೆ ಬಣ್ಣ ಬಳಿಯುವಂಥ ಕೆಲಸ ಮಾಡಿ ಬದುಕಿದವನು.

1892ರ ಜುಲೈ 9ರ 'ಬುಲೆಟಿನ್'ನಲ್ಲಿ ಲಾಸನ್ ಒಂದು ಪದ್ಯ ಬರೆದ. ತಾತ್ಪರ್ಯ ಇಷ್ಟು: ನಿಮ್ಮ ಕವಿಗಳು ಹೊಗಳೋ ಬುಷ್ಷಿಗೆ ಹೋಗಿ ಬಂದೆ, ಹೋಗಬಾರದಿತ್ತು. ಧೂಳು, ನೊಣ, ಬಿಸಿಲು, ಸತ್ತ ಕುರಿ. ನಾನಿನ್ನು ಸಮುದ್ರದ ಪಕ್ಕ ಬಾಡಿಗೆ ರೂಮಿನಲ್ಲಿ ಬಿಯರೂ ನಿಂಬೆ ಶರಬತ್ತೂ ಕುಡಿದುಕೊಂಡು ತಣ್ಣಗಿರುತ್ತೇನೆ. ಎರಡು ವಾರಕ್ಕೆ ಪ್ಯಾಟರ್ಸನ್ ಉತ್ತರ ಬಂತು: ನೀನು ಬರಗಾಲದಲ್ಲಿ ಹೋಗಿದ್ದೀಯ, ಮಳೆ ಬಂದ ಮೇಲೆ ಹೋಗಿ ನೋಡು, ಇಲ್ಲದಿದ್ದರೆ ಪಟ್ಟಣದಲ್ಲೇ ಬಿದ್ದಿರು. ಆಗಸ್ಟಿನಲ್ಲಿ ಮತ್ತೆ ಲಾಸನ್: ಸ್ವಾಮಿ, ಬುಷ್ಷನ್ನು ಹೊಗಳುವ ನೀವು ಇರುವುದು ಎಲ್ಲಿ? ಸಿಡ್ನಿಯಲ್ಲೇ ಅಲ್ವಾ? ಅಕ್ಟೋಬರಿನಲ್ಲಿ ಮತ್ತೆ ಪ್ಯಾಟರ್ಸನ್. ನಡುವೆ ಎಡ್ವರ್ಡ್ ಡೈಸನ್ ಥರದವರೂ ಕೈ ಹಾಕಿದರು. ಓದುಗರು ಇಬ್ಬರಿಗೂ ಕಡು ದ್ವೇಷ ಅಂದುಕೊಂಡರು.

ದ್ವೇಷವೂ ಇಲ್ಲ, ಏನೂ ಇಲ್ಲ. ಎಷ್ಟೋ ವರ್ಷದ ಮೇಲೆ, 1939ರಲ್ಲಿ, ಪ್ಯಾಟರ್ಸನ್ ಗುಟ್ಟು ಬಿಟ್ಟುಕೊಟ್ಟ. ಇಬ್ಬರಿಗೂ ಪದ್ಯದ ಉದ್ದಕ್ಕೆ ತಕ್ಕ ಸಂಭಾವನೆ ಸಿಗುತ್ತಿತ್ತು, ಅದೂ ಪುಡಿಗಾಸು. "ನಾವಿಬ್ಬರೂ ಒಬ್ಬರ ಮೇಲೊಬ್ಬರು ಬರೆಯೋಣ. ಅವರು ನಿಲ್ಲಿಸಿ ಅನ್ನುವುದರೊಳಗೆ ಮೂರು ನಾಲ್ಕು ಪದ್ಯ ತೂರಿಸಬಹುದು" ಅಂತ ಲಾಸನ್ನೇ ಹೇಳಿದನಂತೆ. ಯಾರೂ ನಿಲ್ಲಿಸಿ ಅನ್ನಲಿಲ್ಲ, ಸರಕು ಮುಗಿಯುವವರೆಗೆ ಹೊಡೆದಾಡಿದೆವು ಅಂತಾನೆ. ಅದೇ ಬರಹದಲ್ಲಿ ಅವನು ಇನ್ನೊಂದು ಮಾತು ಹೇಳುತ್ತಾನೆ, ಬಹಳ ಪ್ರಾಮಾಣಿಕ ಮಾತು: ನಾವಿಬ್ಬರೂ ಹುಡುಕಿದ್ದು ಒಂದೇ ಚಿನ್ನದ ಎಳೆಯನ್ನು. ಆದರೆ ನಾನು ಹುಡುಕಿದ್ದು ಕುದುರೆ ಮೇಲೆ, ಬೇರೆಯವರು ಬೇಯಿಸಿ ಹಾಕಿದ್ದನ್ನು ತಿಂದು. ಲಾಸನ್ ಹುಡುಕಿದ್ದು ಕಾಲ್ನಡಿಗೆಯಲ್ಲಿ, ಕೈಯಾರೆ ಬೇಯಿಸಿಕೊಂಡು.

ಇದು ಬರೀ ಮಾತಲ್ಲ. ಅದೇ 1892ರ ಸೆಪ್ಟೆಂಬರಿನಲ್ಲಿ ಆರ್ಚಿಬಾಲ್ಡ್ ಲಾಸನ್‌ಗೆ ರೈಲು ಟಿಕೆಟ್ಟೂ 5 ಪೌಂಡೂ ಕೊಟ್ಟು ಬರ್ಕ್‌ಗೆ ಕಳಿಸಿದ. ಅಲ್ಲಿಂದ ಅವನು ಕ್ವೀನ್ಸ್‌ಲ್ಯಾಂಡ್ ಗಡಿಯ ಹಂಗರ್‌ಫೋರ್ಡ್‌ವರೆಗೆ ಬೇಸಿಗೆಯಲ್ಲಿ ನಡೆದು ಹೋಗಿ, ನಡೆದೇ ವಾಪಸು ಬಂದ. ಒಂದು ಕಡೆಗೇ ಇನ್ನೂರು ಕಿಲೋಮೀಟರಿಗೂ ಜಾಸ್ತಿ. ಇಲ್ಲಿ ಜನ ಬೇಡಿಕೊಂಡು ನಾಯಿಗಳ ಹಾಗೆ ಬದುಕುತ್ತಿದ್ದಾರೆ ಅಂತ ಮನೆಯವರಿಗೆ ಪತ್ರ ಬರೆದ. ಕಾಲವೂ ಅಂಥದ್ದೇ. 1891ರಲ್ಲಿ ಉಣ್ಣೆ ಕತ್ತರಿಸುವವರ ದೊಡ್ಡ ಮುಷ್ಕರ ಮುರಿದುಬಿದ್ದಿತ್ತು, 1893ರಲ್ಲಿ ಬ್ಯಾಂಕುಗಳು ಒಂದೊಂದೇ ಬಾಗಿಲು ಹಾಕಿದವು, 1895ರಿಂದ ವರ್ಷಗಟ್ಟಲೆ ಬರ. ವಾಂಬ್ಯಾಟು, ವಿಸ್ಕಿ ಬಾಟಲಿ, ಪೋಲೊ ಪಂದ್ಯಗಳನ್ನು ಜನ ಓದಿ ನಕ್ಕಿದ್ದು ಈ ವರ್ಷಗಳಲ್ಲೇ. 1895ರಲ್ಲಿ ಪ್ಯಾಟರ್ಸನ್‌ನ ಮೊದಲ ಸಂಕಲನದ ಮೊದಲ ಮುದ್ರಣ ಒಂದೇ ವಾರದಲ್ಲಿ ಖಾಲಿಯಾಯಿತು. ಕೆಲವು ತಿಂಗಳಲ್ಲಿ 7,000 ಪ್ರತಿ. ಆಗ ಆಸ್ಟ್ರೇಲಿಯದ ಎಲ್ಲ ವಸಾಹತುಗಳ ಜನ ಸೇರಿದರೂ 40 ಲಕ್ಷ ಇರಲಿಲ್ಲ.

ಇನ್ನು ಇಬ್ಬರ ಬಗ್ಗೆ ಹೇಳದಿದ್ದರೆ ಸಮಾಧಾನ ಇಲ್ಲ. ಡಬ್ಲ್ಯು.ಟಿ. ಗೂಜ್ ಅಂತ ಒಬ್ಬ, ಲಂಡನ್ನಿನಲ್ಲಿ ಹುಟ್ಟಿ ಆರೆಂಜ್‌ನಲ್ಲಿ ಪತ್ರಿಕೆ ಕೆಲಸ ಮಾಡಿದವನು. ಬುಷ್‌ನವರು ಮಾತಿಗೊಮ್ಮೆ ಉದುರಿಸುವ ಒಂದು ಬೈಗುಳ ಇದೆಯಲ್ಲ, ಅದರ ಮೇಲೆ ಪದ್ಯ ಬರೆದ. ಬೈಗುಳವನ್ನು ಅಚ್ಚು ಮಾಡುವಂತಿಲ್ಲ. ಹಾಗಾಗಿ ಅದು ಬರುವ ಕಡೆಯಲ್ಲೆಲ್ಲ ಒಂದು ಗೀಟು. ದನಗಾಹಿ ಗೀಟು ಕುದುರೆ ಹತ್ತಿ ಗೀಟು ಹಳ್ಳಕ್ಕೆ ಹಾರುತ್ತಾನೆ. ಕುದುರೆ ಮುಳುಗಿ ಸಾಯುತ್ತದೆ, ಅವನು ದಡ ಹತ್ತಿ ಬರೀ ಗೀಟುಗಳಲ್ಲೇ ಮಾತಾಡುತ್ತಾನೆ. ಪ್ರಾಸ ಮಾತ್ರ ಆ ಬೈಗುಳಕ್ಕೇ ಕೂರುವ ಹಾಗೆ ಇಟ್ಟಿದ್ದಾನೆ. ಪತ್ರಿಕೆಯವರು ಅಚ್ಚು ಮಾಡಲಿಲ್ಲ, ಕವಿ ಬರೆಯಲಿಲ್ಲ, ಬೈದವರು ಓದುಗರೇ!

ಇನ್ನೊಬ್ಬ ಸಿ.ಜೆ. ಡೆನ್ನಿಸ್, ಈ ಮೆಲ್ಬರ್ನಿಗೆ ಸೇರಿದ ಕವಿ. ವಸಾಹತು ಕಾಲ ಮುಗಿದ ಮೇಲಿನವನು, ಆದರೆ ಬೇರು ಅಲ್ಲೇ. 1915ರಲ್ಲಿ ಬಂದ ಅವನ ಪದ್ಯಕಥೆಯಲ್ಲಿ ಲಿಟಲ್ ಲಾನ್ಸ್‌ಡೇಲ್ ಬೀದಿಯ ಕಡೆಯ ಒಬ್ಬ ಪುಂಡ, ಉಪ್ಪಿನಕಾಯಿ ಫ್ಯಾಕ್ಟರಿಯಲ್ಲಿ ಲೇಬಲ್ ಅಂಟಿಸುವ ಡೋರೀನ್‌ಳನ್ನು ಪ್ರೀತಿಸುತ್ತಾನೆ. ಇಬ್ಬರೂ ರೋಮಿಯೊ ಜೂಲಿಯೆಟ್ ನಾಟಕಕ್ಕೆ ಹೋಗುತ್ತಾರೆ. ಇವನ ಕಣ್ಣಿಗೆ ಅದು ಎರಡು ಗಲ್ಲಿ ಗ್ಯಾಂಗುಗಳ ಮಾರಾಮಾರಿ. ನಮ್ಮ ಬೀದಿಯವರ ಥರಾನೇ, ಇಟ್ಟಿಗೆ ಬದಲು ಕತ್ತಿಯಲ್ಲಿ ಹೊಡೆದಾಡ್ತಾರೆ ಅಷ್ಟೆ ಅನ್ನುತ್ತಾನೆ. ಕತ್ತಿಕಾಳಗ ರಂಗೇರಿದಾಗ ಹುರುಪು ತಡೆಯಲಾರದೆ, ಒದಿ ಅವನಿಗೆ ಅಂತ ಕೂತಲ್ಲಿಂದಲೇ ಕೂಗುತ್ತಾನೆ. ಇಡೀ ಪುಸ್ತಕ ಅವನ ಬೀದಿ ಭಾಷೆಯಲ್ಲೇ ಇದೆ. 'ಎಂಡ್ಕುಡ್ಕ ರತ್ನ' ಓದಿ ಬೆಳೆದ ನಮಗೆ ಇದು ಹೊಸದೇನಲ್ಲ. ಕುಡುಕನ ಬಾಯಲ್ಲಿ ಕಾವ್ಯ ಹುಟ್ಟುತ್ತದೆ ಅಂತ ಗೊತ್ತಿರುವ ಜನ ನಾವು. ಈ ಪುಸ್ತಕದ ಪುಟ್ಟ ಪ್ರತಿಗಳು ಮೊದಲ ಮಹಾಯುದ್ಧದ ಕಂದಕಗಳಿಗೂ ಹೋದವು.

ಈಗ ಕಹಿ ಮಾತು. ಯಾರು ಯಾರ ಜಾಗಕ್ಕೆ ಹೋಗಿ ಪೇಚಿಗೆ ಸಿಕ್ಕರು ಅಂತ ಇಷ್ಟು ಹೊತ್ತು ಲೆಕ್ಕ ಹಾಕಿದೆವಲ್ಲ, ಆ ಜಾಗ ಮೊದಲು ಯಾರದ್ದಾಗಿತ್ತು? ಪ್ಯಾಟರ್ಸನ್ ಹುಟ್ಟಿದ ಆರೆಂಜ್, ಲಾಸನ್ ಹುಟ್ಟಿದ ಗ್ರೆನ್‌ಫೆಲ್, ಗಡ್ಡದವರ ಐರನ್‌ಬಾರ್ಕ್, ಮೂರೂ ವಿರಾಜುರಿ ಜನರ ನೆಲ. 1824ರಲ್ಲಿ ಬ್ಯಾಥರ್ಸ್ಟ್ ಸುತ್ತ ಅವರ ಮೇಲೆ ಸರ್ಕಾರ ಮಾರ್ಷಲ್ ಲಾ ಹೇರಿತ್ತು. ಎಪ್ಪತ್ತು ವರ್ಷ ಕಳೆಯುವುದರೊಳಗೆ ಅದೇ ನೆಲದಲ್ಲಿ ಬಂದು ಕೂತವರು ತಮ್ಮನ್ನೇ ಮೂಲದವರು ಅಂತ ಕರೆದುಕೊಂಡು, ಸಿಡ್ನಿಯಿಂದ ಬಂದವನನ್ನು ಪರಕೀಯ ಅಂತ ನಗುತ್ತಿದ್ದಾರೆ. ಪದ್ಯಗಳಲ್ಲಿ ಮೂಲನಿವಾಸಿಗಳು ಬಂದರೆ ಹಿನ್ನೆಲೆಯಲ್ಲಿ, ಇಲ್ಲವೆ ಗೇಲಿಗೆ. ಚೀನಾದವರು ಬಂದರೆ ಗೇಲಿಗೇ. 'ಬುಲೆಟಿನ್' 1908ರಲ್ಲಿ "ಆಸ್ಟ್ರೇಲಿಯ ಬಿಳಿಯರಿಗೆ" ಅಂತಲೇ ತನ್ನ ಘೋಷವಾಕ್ಯ ಮಾಡಿಕೊಂಡಿತು. ಬಿಳಿಯರಲ್ಲದವರನ್ನು ತಡೆಯಲು ಬಂದ 1901ರ ವಲಸೆ ಕಾಯ್ದೆಯ ಬಗ್ಗೆ ಇಲ್ಲಿ ಕೂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಅಧಿಕಾರಿ ಯಾವುದೋ ಯುರೋಪಿಯನ್ ಭಾಷೆಯಲ್ಲಿ ಐವತ್ತು ಪದದ ಉಕ್ತಲೇಖನ ಕೊಟ್ಟು, ಬರೆಯಲಾಗದಿದ್ದರೆ ವಾಪಸು ಕಳಿಸುತ್ತಿದ್ದ. ಕ್ಷೌರದವನ ಕತ್ತಿ ಬೆನ್ನಿನ ಕಡೆಯದ್ದಾಗಿತ್ತು. ಇದು ಹರಿತದ ಕಡೆ.

ಹಾಗಂತ ಈ ಪದ್ಯಗಳನ್ನು ಓದಬಾರದು ಅನ್ನುವವನು ನಾನಲ್ಲ. ಈ ದೇಶ ತನ್ನನ್ನು ಹೇಗೆ ನೋಡಿಕೊಳ್ಳುತ್ತದೆ ಅನ್ನೋದು ಇವುಗಳಲ್ಲಿ ಸಿಕ್ಕಷ್ಟು ಸುಲಭವಾಗಿ ಬೇರೆಲ್ಲೂ ಸಿಗುವುದಿಲ್ಲ. ನಿಮ್ಮ ಜೇಬಿನಲ್ಲಿರುವ ಹತ್ತು ಡಾಲರಿನ ನೋಟು ತೆಗೆದು ನೋಡಿ, ಅಲ್ಲಿ ಪ್ಯಾಟರ್ಸನ್ ಇದ್ದಾನೆ. 1966ರಲ್ಲಿ ಬಂದ ಮೊದಲ ಹತ್ತು ಡಾಲರಿನ ನೋಟಿನಲ್ಲಿ ಇದ್ದವನು ಲಾಸನ್. ಜೀವನಾಂಶದ ದಾವೆ, ಕುಡಿತ, ಜೈಲು ಎಲ್ಲ ಕಂಡು 1922ರಲ್ಲಿ ಸತ್ತ ಮನುಷ್ಯ. ಸರ್ಕಾರಿ ಗೌರವದ ಅಂತ್ಯಸಂಸ್ಕಾರ ಸಿಕ್ಕಿತು. ಬದುಕಿದ್ದಾಗ ಅವನ ಕೈಗೆ ಹತ್ತು ಪೌಂಡು ಒಟ್ಟಿಗೆ ಸಿಕ್ಕಿದ್ದೇ ಅಪರೂಪ ಇರಬೇಕು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಹಿರಿಯರೊಬ್ಬರು, "ರೈತರ ಬಗ್ಗೆ ಏನೂ ಇಲ್ವಾ? ಎಲ್ಲಾ ಕುರಿ, ಕುದುರೆಯವರದ್ದೇ ಆಯ್ತಲ್ಲ" ಅಂದರು. ಇದೆ. 'ಜಾನ್ ಓಬ್ರಿಯನ್' ಅಂತ ಹೆಸರಿಟ್ಟುಕೊಂಡು ಬರೆದ ಪ್ಯಾಟ್ರಿಕ್ ಹಾರ್ಟಿಗನ್ ಎಂಬ ಪಾದ್ರಿಯ 1921ರ ಸಂಕಲನದಲ್ಲಿ ಹ್ಯಾನ್ರಹಾನ್ ಅನ್ನೋ ರೈತ ಬರುತ್ತಾನೆ. ಭಾನುವಾರ ಚರ್ಚಿನ ಹೊರಗೆ ಕೂತ ರೈತರೆಲ್ಲ ಬರದ ಬಗ್ಗೆ ಮಾತಾಡುವಾಗ, ಮಳೆ ಬರದಿದ್ದರೆ ನಾವೆಲ್ಲ ಹಾಳಾಗಿಹೋಗುತ್ತೇವೆ ಅನ್ನುತ್ತಾನೆ. ಮಳೆ ಬರುತ್ತದೆ. ಇದು ನಿಲ್ಲದಿದ್ದರೆ ಹಾಳಾಗಿಹೋಗುತ್ತೇವೆ ಅನ್ನುತ್ತಾನೆ. ಮಳೆ ನಿಂತು ಹುಲ್ಲು ಸೊಂಪಾಗಿ ಬೆಳೆಯುತ್ತದೆ. ಇಷ್ಟು ಹುಲ್ಲು ಬೆಳೆದರೆ ಕಾಳ್ಗಿಚ್ಚು ಬಂದು ಹಾಳಾಗಿಹೋಗುತ್ತೇವೆ ಅನ್ನುತ್ತಾನೆ. ಪ್ರಶ್ನೆ ಕೇಳಿದ ಹಿರಿಯರು, "ನಮ್ಮ ಚಿಕ್ಕಪ್ಪ ಇವನು" ಅಂದರು. ಇಡೀ ಸಂಜೆಯಲ್ಲಿ ಜೋರು ನಗು ಬಂದದ್ದು ನನ್ನ ಮಾತಿಗಲ್ಲ, ಇದಕ್ಕೆ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದ್ದು. ಮಗ ಶಾಲೆಯಲ್ಲಿ ಮಲ್ಗಾ ಬಿಲ್ ಪದ್ಯ ಹೇಳಬೇಕಂತೆ, ಕೈ ಬಾಯಿ ತಿರುಗಿಸಿ ಆಕ್ಟ್ ಮಾಡಿಸಬೇಕಾ ಅಂತ. ಬೇಡಮ್ಮ ಅಂದೆ. ಮುಖ ಗಂಭೀರವಾಗಿಟ್ಟುಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ ಹೇಳಲಿ. ಅಂಗಡಿಯ ಮಾತನ್ನು ನಿಧಾನವಾಗಿ, ಜಂಬದಿಂದ. ಗುಡ್ಡ ಇಳಿಯಲು ಶುರುವಾದ ಮೇಲೆ ಉಸಿರೇ ತೆಗೆದುಕೊಳ್ಳಬಾರದು, ಲಯ ಎಳೆದುಕೊಂಡು ಹೋದಲ್ಲಿಗೆ ಹೋಗಲಿ. ವಾಂಬ್ಯಾಟಿನ ಸಾಲಿಗೆ ಯಾರಾದರೂ ನಕ್ಕರೆ ಇವನು ನಗಬಾರದು. ಹಳ್ಳಕ್ಕೆ ಬಿದ್ದ ಮೇಲೆ ಒಂದು ಕ್ಷಣ ಸುಮ್ಮನೆ ನಿಂತು ಆಮೇಲೆ ಕೊನೆಯ ಪದ್ಯ ಹೇಳಲಿ, ಯಾಕಂದರೆ ಬಿಲ್ ಈಜಿಕೊಂಡು ದಡಕ್ಕೆ ಬರಲು ಅಷ್ಟು ಹೊತ್ತಾದರೂ ಬೇಕು.